ತೊಗರಿ ನಾಡಿನಿಂದ ಇಕಾಲಜಿಯತ್ತ: ಉನ್ನತ ವ್ಯಾಸಂಗದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನನಗೆ ಇಕಾಲಜಿ, ಜೀವವಿಕಾಸ ಮತ್ತು ಸಂರಕ್ಷಣಾ ಜೀವವಿಜ್ಞಾನದ ಮುಂದಿನ ಓದಿನ ಬಗ್ಗೆ ವರ್ಷವಿಡೀ ಪ್ರಶ್ನೆಗಳು ಬರುತ್ತಿರುತ್ತವೆ. ಕೆಲವು ತರಗತಿ ಮುಗಿದ ಮೇಲೆ ಬಾಗಿಲ ಬಳಿ ಕೇಳಿದವು, ಕೆಲವು ಶಹಾಪುರ, ಹುಮನಾಬಾದ್, ಸೇಡಂ ಕಡೆಯಿಂದ ಪತ್ರದಲ್ಲಿ ಬಂದವು, ಇನ್ನು ಕೆಲವು ಪಾಲಕರು ಫೋನಿನಲ್ಲಿ ಕೇಳಿದವು. ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಉಳಿಸಿಕೊಂಡು, ಸರಳವಾದವನ್ನು ಮೊದಲಿಗೂ ಜಟಿಲವಾದವನ್ನು ಕೊನೆಗೂ ಇಟ್ಟಿದ್ದೇನೆ.

## ಇನ್ನೂ ಪದವಿ ಓದುತ್ತಿರುವವರಿಗೆ

ಇಕಾಲಜಿ ಅಂದ್ರ ಎನ್ವಿರಾನ್ಮೆಂಟಲ್ ಸೈನ್ಸೇ ಅಲ್ಲೇನ್ರಿ ಮೇಡಂ?

ಅಲ್ಲ, ಆದರೆ ಎರಡರ ನಡುವಿನ ಗೆರೆ ತೆಳುವಾದುದು. ಸುರಪುರ ತಾಲ್ಲೂಕಿನ ಬೋನಾಳ ಕೆರೆಯನ್ನೇ ತೆಗೆದುಕೊಳ್ಳೋಣ. ಕೆರೆಯ ನೀರಿನಲ್ಲಿ ಹೊಲಗಳಿಂದ ಹರಿದು ಬಂದ ಗೊಬ್ಬರದ ಅಂಶ ಎಷ್ಟಿದೆ ಎಂದು ಅಳೆಯುವುದು ಪರಿಸರ ವಿಜ್ಞಾನದ ಕೆಲಸ. ಚಳಿಗಾಲದಲ್ಲಿ ಅಲ್ಲಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಹಗಲು ಎಲ್ಲಿ ಮೇಯುತ್ತವೆ, ಒಂದು ವರ್ಷ ಹೆಚ್ಚು ಬಂದು ಇನ್ನೊಂದು ವರ್ಷ ಕಡಿಮೆ ಬರುವುದೇಕೆ ಎಂದು ಕೇಳುವುದು ಇಕಾಲಜಿ. ಹಿಮಾಲಯವನ್ನು ದಾಟುವಾಗಿನ ತೆಳುವಾದ ಗಾಳಿಯಲ್ಲಿ ಹಾರಲು ಬೇಕಾದ, ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುವ ಹಿಮೋಗ್ಲೋಬಿನ್ ಈ ಹಕ್ಕಿಯ ರಕ್ತಕ್ಕೆ ಹೇಗೆ ಬಂತು ಎಂದು ಕೇಳುವುದು ಜೀವವಿಕಾಸದ ಅಧ್ಯಯನ. ಮೀನುಗಾರರ ಬಲೆ, ರೈತರ ಪಂಪ್‌ಸೆಟ್ ಮತ್ತು ಹೆಬ್ಬಾತು ಒಂದೇ ಕೆರೆಯಲ್ಲಿ ಉಳಿಯುವ ದಾರಿಯನ್ನು ಲೆಕ್ಕ ಹಾಕಿ ಹುಡುಕುವುದು ಸಂರಕ್ಷಣಾ ಜೀವವಿಜ್ಞಾನ. ಅರ್ಜಿ ತುಂಬುವ ಮುನ್ನ ನಿಮಗೆ ಹಿಡಿಸುವುದು ಈ ನಾಲ್ಕರಲ್ಲಿ ಯಾವುದು ಎಂದು ನಿರ್ಧರಿಸಿಕೊಳ್ಳಿ, ಏಕೆಂದರೆ ಓದುವ ಸಂಸ್ಥೆ ಅದಕ್ಕೆ ತಕ್ಕಂತೆ ಬದಲಾಗುತ್ತದೆ.

ಇದನ್ನ ಓದಿದ್ರ ನೌಕರಿ ಸಿಗ್ತದೇನ್ರಿ? ಮನ್ಯಾಗ ಏನ್ ಹೇಳ್ಬೇಕು?

ಬಿ.ಎಡ್. ಮಾಡಿದವರಿಗೆ ಶಿಕ್ಷಕರ ನೇಮಕಾತಿ ಇರುವಂತೆ ಈ ವಿಷಯಕ್ಕೆ ಕಾಯುತ್ತಿರುವ ಸರ್ಕಾರಿ ಹುದ್ದೆಗಳು ಇಲ್ಲ. ಈ ಮಾತನ್ನು ಮನೆಯಲ್ಲಿ ಮುಚ್ಚಿಡಬಾರದು. ಇರುವುದೆಂದರೆ ಸಂಶೋಧನಾ ಯೋಜನೆಗಳ ಕೆಲಸ, ಸಂರಕ್ಷಣಾ ಸಂಸ್ಥೆಗಳು, ಅರಣ್ಯ ಇಲಾಖೆಯ ಗುತ್ತಿಗೆ ಹುದ್ದೆಗಳು, ಪರಿಸರ ಪರಿಣಾಮದ ವರದಿ ತಯಾರಿಸುವ ಸಲಹಾ ಕಂಪನಿಗಳು ಮತ್ತು ಪಿಎಚ್‌.ಡಿ. ನಂತರದ ಬೋಧನೆ. ಭಾರತೀಯ ಅರಣ್ಯ ಸೇವೆಯ ದಾರಿ ಬೇರೆ. ಅದು ಯುಪಿಎಸ್‌ಸಿ ಪರೀಕ್ಷೆ, ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ, ಕೃಷಿ ಮೊದಲಾದ ಪದವಿ ಇದ್ದವರೆಲ್ಲ ಬರೆಯಬಹುದು, ವನ್ಯಜೀವಿ ಎಂ.ಎಸ್ಸಿ. ಅದಕ್ಕೆ ಬೇಕಿಲ್ಲ. ತಂದೆಯವರಿಗೆ ಹೇಳಬಹುದಾದ ಅಂಕಿ ಒಂದಿದೆ: ಜೆ.ಆರ್.ಎಫ್. (ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಗೆದ್ದವರಿಗೆ ಸಿಗುವ ಸಂಶೋಧನಾ ಶಿಷ್ಯವೇತನ) ಪಡೆದು ಪಿಎಚ್‌.ಡಿ. ಸೇರಿದವರಿಗೆ 2023ರ ಜನವರಿಯಿಂದ ಅನ್ವಯವಾದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆನಂತರ 42,000 ರೂಪಾಯಿ ಸಿಗುತ್ತದೆ. ಮನೆ ಬಾಡಿಗೆ ಭತ್ಯೆ ಪ್ರತ್ಯೇಕ.

ನಮ್ಮ ಕಡೆ ಕಾಡೇ ಇಲ್ಲಲ್ಲ ಮೇಡಂ, ಮಲೆನಾಡಿನವರಿಗೆ ಬಿಟ್ರ ಇದು ನಮಗ್ಯಾಕ?

ಅತಿ ಹೆಚ್ಚು ಸಲ ಬರುವ ಪ್ರಶ್ನೆ ಇದು, ನನಗೆ ಸಿಟ್ಟು ತರಿಸುವುದೂ ಇದೇ. ಮೊದಲನೆಯದಾಗಿ, ಕಾಡು ಇದೆ. ಚಿಂಚೋಳಿ ವನ್ಯಜೀವಿಧಾಮವನ್ನು 2011ರಲ್ಲಿ ಘೋಷಿಸಲಾಯಿತು, ಸುಮಾರು 135 ಚದರ ಕಿಲೋಮೀಟರ್ ವಿಸ್ತಾರದ ಆ ಒಣ ಕಾಡಿನಲ್ಲಿ ತೋಳವೂ ಕತ್ತೆಕಿರುಬವೂ ಇವೆ. ಎರಡನೆಯದಾಗಿ, ಕಾಡಿಲ್ಲದ ಕಡೆಯೂ ಜೀವಜಾಲ ಇದೆ. ಕಂದಾಯ ದಾಖಲೆಯಲ್ಲಿ ಗಾಯರಾಣ (ಊರ ದನಕರು ಮೇಯುವ ಜಾಗ) ಎಂದೋ ಪಾಳು ಎಂದೋ ಬರೆದಿರುವ ಬಯಲುಗಳನ್ನು ಸರ್ಕಾರಿ ನಕ್ಷೆಗಳು ಬಹುಕಾಲ ಬಂಜರು ಭೂಮಿ ಎಂದೇ ಗುರುತಿಸಿವೆ. ಅವು ಬಂಜರಲ್ಲ, ಹುಲ್ಲುಗಾವಲುಗಳು. ಬೀದರ್ ಸುತ್ತಲಿನ ಕೃಷ್ಣಮೃಗಗಳು ಅಲ್ಲಿ ಮೇಯುತ್ತವೆ, ಮಧ್ಯ ಏಷ್ಯಾದಿಂದ ಬರುವ ಹ್ಯಾರಿಯರ್ ಗಿಡುಗಗಳು ಅಲ್ಲಿ ಮಿಡತೆ ಹಿಡಿದು ಚಳಿಗಾಲ ಕಳೆದು, ರಾತ್ರಿ ಹುಲ್ಲಿನ ನಡುವೆ ನೆಲದ ಮೇಲೆಯೇ ಗುಂಪಾಗಿ ತಂಗುತ್ತವೆ. ಗಂಟಲ ಬೀಸಣಿಗೆಯನ್ನು ಬಿಚ್ಚಿ ಹೆಣ್ಣನ್ನು ಕರೆಯುವ ಸಣ್ಣ ಓತಿಕ್ಯಾತಗಳು ದಖ್ಖನ್ನಿನ ಇಂಥ ಬಯಲುಗಳ ಜೀವಿಗಳು. ಅವುಗಳ ಒಂದು ಗುಂಪನ್ನು ಸರಡಾ ಎಂಬ ಹೊಸ ಕುಲವಾಗಿ ವಿಜ್ಞಾನಿಗಳು ಬೇರ್ಪಡಿಸಿದ್ದು 2016ರಷ್ಟು ಈಚೆಗೆ. ಆನೆ, ಹುಲಿಗಳ ಮೇಲೆ ಕೆಲಸ ಮಾಡಿದವರು ನೂರಾರು ಜನ ಇದ್ದಾರೆ, ನಮ್ಮ ಎರೆಭೂಮಿಯ ಮೇಲೆ ಮಾಡಿದವರನ್ನು ಹುಡುಕಬೇಕು.

ಹೊಲವನ್ನೂ ಮರೆಯಬಾರದು. ಮಹಾರಾಷ್ಟ್ರದ ಅಕೋಲೆಯ ಕಬ್ಬಿನ ಗದ್ದೆಗಳಲ್ಲಿ ಚಿರತೆಗಳು ಜನರ ನಡುವೆಯೇ ಬಾಳುತ್ತವೆ ಎಂದು ವಿದ್ಯಾ ಆತ್ರೇಯ ತೋರಿಸಿಕೊಟ್ಟ ಅಧ್ಯಯನ ಯಾವ ಅಭಯಾರಣ್ಯದಲ್ಲೂ ನಡೆದುದಲ್ಲ. ನಮ್ಮಲ್ಲಿ 2019ರಲ್ಲಿ ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಪಡೆದ ತೊಗರಿ ಇದೆ. ಅದರ ಹೂವಿಗೆ ಯಾವ ದುಂಬಿ, ಯಾವ ಜೇನು ಎಷ್ಟು ಹೊತ್ತಿಗೆ ಬರುತ್ತದೆ, ಕಾಯಿಕೊರಕಕ್ಕೆ ಔಷಧಿ ಹೊಡೆದ ಮರುದಿನ ಏನಾಗುತ್ತದೆ ಎಂಬುದೇ ಒಂದು ಎಂ.ಎಸ್ಸಿ. ಪ್ರಬಂಧಕ್ಕೆ ಸಾಕು.

ನಾನು ಇಂಜಿನಿಯರಿಂಗ್, ನನ್ನ ಗೆಳೆಯ ವೆಟರ್ನರಿ. ನಮಗ ಅವಕಾಶ ಇಲ್ಲೇನು?

ಇದೆ. ಬೆಂಗಳೂರಿನ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ನಡೆಸುವ ವನ್ಯಜೀವಿ ಜೀವವಿಜ್ಞಾನ ಮತ್ತು ಸಂರಕ್ಷಣೆಯ ಎಂ.ಎಸ್ಸಿ.ಗೆ ಪದವಿಯ ವಿಷಯ ಇಂಥದ್ದೇ ಇರಬೇಕೆಂಬ ಕಟ್ಟುಪಾಡು ಇಲ್ಲ. ಪ್ರಾಣಿ ಸುಳಿದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಚಿತ್ರಗಳಲ್ಲಿ ಹುಲಿಯ ಪಟ್ಟೆ ಗುರುತಿಸಿ ಸಂಖ್ಯಾಶಾಸ್ತ್ರದಿಂದ ಹುಲಿಗಳನ್ನು ಅಂದಾಜು ಮಾಡುವ ವಿಧಾನವನ್ನು ನಾಗರಹೊಳೆಯಲ್ಲಿ ರೂಢಿಸಿದ ಉಲ್ಲಾಸ ಕಾರಂತರು ಮೂಲತಃ ಇಂಜಿನಿಯರಿಂಗ್ ಪದವೀಧರರು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ಓದುವವರಿಗಂತೂ ವನ್ಯಪ್ರಾಣಿ ಆರೋಗ್ಯ ಮತ್ತು ದನಕರುಗಳಿಂದ ಕಾಡುಪ್ರಾಣಿಗೆ, ಕಾಡುಪ್ರಾಣಿಯಿಂದ ಮನುಷ್ಯನಿಗೆ ಹರಡುವ ರೋಗಗಳ ಅಧ್ಯಯನದಲ್ಲಿ ಬೇರೆ ಪದವೀಧರರಿಗಿಲ್ಲದ ಅನುಕೂಲ ಇದೆ.

ಕನ್ನಡ ಮೀಡಿಯಂ ನಾವು. ಇಂಟರ್‌ವ್ಯೂದಾಗ ಬಾಯೇ ಬರಲ್ಲ.

ಮುಂದಿನ ಓದಿಗೂ ಶಿಷ್ಯವೇತನಕ್ಕೂ ಬೇಕಾಗುವ ರಾಷ್ಟ್ರಮಟ್ಟದ ಪರೀಕ್ಷೆಗಳಲ್ಲಿ ಗೇಟ್ ಇಂಗ್ಲಿಷ್‌ನಲ್ಲಿ ಮಾತ್ರ, ಸಿಎಸ್‌ಐಆರ್ ನೆಟ್ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ನಡೆಯುತ್ತದೆ. ಕನ್ನಡಕ್ಕೆ ಅಲ್ಲಿ ಜಾಗವಿಲ್ಲ ಎಂಬುದು ನನ್ನ ತಕರಾರು, ಆದರೆ ಅದನ್ನು ನೆಚ್ಚಿ ಕೂರುವಂತಿಲ್ಲ. ಸಂದರ್ಶನದಲ್ಲಿ ನಮ್ಮ ಹುಡುಗರು ಸೋಲುವುದು ಇಂಗ್ಲಿಷಿಗಿಂತ ಹೆಚ್ಚಾಗಿ ತಮ್ಮದೇ ಕೆಲಸವನ್ನು ವಿವರಿಸಲಾಗದೆ. ನಾನೂ ಹಾಗೆಯೇ ಸೋತವಳು. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯೆಲ್ಲ ಉತ್ತರ ಬಾಯಿಪಾಠ ಮಾಡುತ್ತಾ ಹೋದ ನನ್ನ ಮೊದಲ ಸಂದರ್ಶನದಲ್ಲಿ, ಪ್ರಾಜೆಕ್ಟಿಗೆ ಮೂವತ್ತೇ ಮಾದರಿ ಏಕೆ ತೆಗೆದುಕೊಂಡಿರಿ ಎಂದು ಕೇಳಿದರು. ನಮ್ಮ ಗೈಡ್ ಹೇಳಿದರು ಎಂದೆ. ಮುಂದಿನ ಪ್ರಶ್ನೆಯೇ ಬರಲಿಲ್ಲ. ಮೊದಲು ಕನ್ನಡದಲ್ಲಿ, ನಿಮ್ಮ ತಾಯಿಗೆ ತಿಳಿಯುವಂತೆ, ಏನು ಮಾಡಿದಿರಿ ಮತ್ತು ಹಾಗೇಕೆ ಮಾಡಿದಿರಿ ಎಂದು ಹೇಳಲು ಕಲಿಯಿರಿ. ಆಮೇಲೆ ಅದನ್ನು ಮುರುಕು ಇಂಗ್ಲಿಷಿನಲ್ಲಿ ಹೇಳಿದರೂ ನಡೆಯುತ್ತದೆ.

## ಅರ್ಜಿ ಹಾಕುವ ಹೊತ್ತಿಗೆ

ಎಂ.ಎಸ್ಸಿ. ಎಲ್ಲಿ ಮಾಡಿದ್ರ ಛಲೋ? ಗುಲ್ಬರ್ಗಾ ಯೂನಿವರ್ಸಿಟಿ ಸಾಲದೇನು?

ಜ್ಞಾನಗಂಗೆಯ ಆವರಣದಲ್ಲಿ ಪ್ರಾಣಿಶಾಸ್ತ್ರವನ್ನೋ ಸಸ್ಯಶಾಸ್ತ್ರವನ್ನೋ ಓದಿ ಮುಂದೆ ಇಕಾಲಜಿಯ ಪಿಎಚ್‌.ಡಿ.ಗೆ ಹೋಗುವುದು ಖಂಡಿತ ಸಾಧ್ಯ, ಖರ್ಚೂ ಕಡಿಮೆ. ಕ್ಷೇತ್ರಕಾರ್ಯ ಮತ್ತು ಸಂಖ್ಯಾಶಾಸ್ತ್ರವನ್ನು ಮಾತ್ರ ನೀವೇ ಹುಡುಕಿಕೊಂಡು ಕಲಿಯಬೇಕಾಗುತ್ತದೆ. ಇದೇ ವಿಷಯಕ್ಕೆಂದು ರೂಪಿಸಿದ ಕೋರ್ಸ್ ಬೇಕೆಂದರೆ ಮೇಲೆ ಹೇಳಿದ ಎನ್‌ಸಿಬಿಎಸ್ ಎಂ.ಎಸ್ಸಿ. ಇದೆ. ಅದು ಎರಡು ವರ್ಷಕ್ಕೊಮ್ಮೆ ಮಾತ್ರ ಹೊಸಬರನ್ನು ತೆಗೆದುಕೊಳ್ಳುತ್ತದೆ, ಅದೂ ಹದಿನೈದರ ಆಸುಪಾಸಿನಷ್ಟು ಜನರನ್ನು. ಈ ಒಂದು ಸಂಗತಿ ಗೊತ್ತಿಲ್ಲದೆ ಒಳ್ಳೆಯ ವಿದ್ಯಾರ್ಥಿಗಳು ವರ್ಷ ಕಳೆದುಕೊಂಡಿದ್ದನ್ನು ಕಂಡಿದ್ದೇನೆ. 1982ರಲ್ಲಿ ಸ್ಥಾಪನೆಯಾದ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯ ವನ್ಯಜೀವಿ ವಿಜ್ಞಾನದ ಎಂ.ಎಸ್ಸಿ. ಹಳೆಯದು, ಹೆಸರಾದುದು. ಪುದುಚೇರಿ ವಿಶ್ವವಿದ್ಯಾಲಯದ ಇಕಾಲಜಿ ಮತ್ತು ಪರಿಸರ ವಿಜ್ಞಾನದ ಎಂ.ಎಸ್ಸಿ.ಗೆ ಸಿಯುಇಟಿ ಪಿಜಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಪುಣೆಯ ಗರವಾರೆ ಕಾಲೇಜಿನಲ್ಲಿ ಜೀವವೈವಿಧ್ಯದ ಎಂ.ಎಸ್ಸಿ. ಇದೆ, ಸೋಲಾಪುರದ ರೈಲು ಹತ್ತುವ ನಮಗೆ ಅದು ಬೆಂಗಳೂರಿಗಿಂತ ಹತ್ತಿರ. ರಾಜ್ಯದೊಳಗೆ ಕುವೆಂಪು ವಿಶ್ವವಿದ್ಯಾಲಯದ ವನ್ಯಜೀವಿ ವಿಭಾಗ ಹಾಗೂ ಕೃಷಿ ಶಾಖೆಯಿಂದ ಬಂದವರಿಗೆ ಶಿರಸಿಯ ಅರಣ್ಯ ಕಾಲೇಜು ಇವೆ.

371ಜೆ ಸರ್ಟಿಫಿಕೇಟ್ ಇದಕ್ಕ ನಡೀತದೇನು?

ರಾಜ್ಯ ಸರ್ಕಾರದ ವಿಶ್ವವಿದ್ಯಾಲಯಗಳಲ್ಲಿ ನಡೆಯುತ್ತದೆ: ಕಲ್ಯಾಣ ಕರ್ನಾಟಕದೊಳಗಿನ ಸಂಸ್ಥೆಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8ರಷ್ಟು ಸೀಟುಗಳು ಇಲ್ಲಿನವರಿಗೆ ಮೀಸಲು. ಎನ್‌ಸಿಬಿಎಸ್, ಭಾರತೀಯ ವಿಜ್ಞಾನ ಸಂಸ್ಥೆ, ಡೆಹ್ರಾಡೂನಿನಂಥ ಕೇಂದ್ರದ ಸಂಸ್ಥೆಗಳಲ್ಲಿ ನಡೆಯುವುದಿಲ್ಲ. ಉಪವಿಭಾಗಾಧಿಕಾರಿ ಕಚೇರಿಯಿಂದ ಪ್ರಮಾಣಪತ್ರವನ್ನು ಅರ್ಜಿಯ ಕೊನೆಯ ವಾರದಲ್ಲಿ ಅಲ್ಲ, ಈಗಲೇ ಮಾಡಿಸಿಟ್ಟುಕೊಳ್ಳಿ.

ಯಾವ ಎಂಟ್ರನ್ಸ್ ಯಾವಾಗ ಬರ್ತದಂತನೇ ತಿಳಿಯಲ್ಲ.

ಸಾಮಾನ್ಯವಾಗಿ ಗೇಟ್ ಅರ್ಜಿ ಆಗಸ್ಟ್ ಕೊನೆಯ ಹೊತ್ತಿಗೂ ಎಂ.ಎಸ್ಸಿ. ಪ್ರವೇಶದ ಜ್ಯಾಮ್ ಅರ್ಜಿ ಸೆಪ್ಟೆಂಬರ್ ಹೊತ್ತಿಗೂ ತೆರೆಯುತ್ತವೆ, ಎರಡೂ ಪರೀಕ್ಷೆಗಳು ಫೆಬ್ರುವರಿಯಲ್ಲಿ. ಸಿಯುಇಟಿ ಪಿಜಿ ಅರ್ಜಿ ವರ್ಷದ ಕೊನೆಗೆ, ಪರೀಕ್ಷೆ ಮಾರ್ಚ್ ಸುಮಾರಿಗೆ. ಸಿಎಸ್‌ಐಆರ್ ನೆಟ್ ವರ್ಷಕ್ಕೆ ಎರಡು ಸಲ. ಎಳ್ಳಮಾವಾಸ್ಯೆಯ ಚರಗ ಮುಗಿಸಿ ಓದಲು ಕೂರುತ್ತೇನೆ ಎಂದುಕೊಂಡವರ ಪಾಲಿಗೆ ಆ ಹೊತ್ತಿಗೆ ಗೇಟ್, ಜ್ಯಾಮ್ ಅರ್ಜಿಗಳೆರಡೂ ಮುಚ್ಚಿರುತ್ತವೆ. ಗೇಟ್‌ನಲ್ಲಿ ಜೀವವಿಜ್ಞಾನದ ಪತ್ರಿಕೆಯಲ್ಲದೆ ಇಕಾಲಜಿ ಮತ್ತು ಜೀವವಿಕಾಸಕ್ಕೆಂದೇ ಇವೈ ಎಂಬ ಪ್ರತ್ಯೇಕ ಪತ್ರಿಕೆ ಇದೆ. ಇದರಲ್ಲಿ ಜೀವಿಗಳ ವರ್ತನೆ ಮತ್ತು ಗಣಿತಕ್ಕೂ ಪಾಲಿದೆ. ನೆಟ್‌ನ ಜೀವವಿಜ್ಞಾನ ಪಠ್ಯದ ಹದಿಮೂರು ಘಟಕಗಳಲ್ಲಿ ಹತ್ತನೆಯದು ಇಕಾಲಜಿ, ಹನ್ನೊಂದನೆಯದು ವಿಕಾಸ ಮತ್ತು ವರ್ತನೆ. ನಮ್ಮ ಕಾಲೇಜುಗಳಲ್ಲಿ ಸೆಮಿಸ್ಟರ್ ಕೊನೆಗೆ ಓಡಿಸಿ ಮುಗಿಸುವ ಪಾಠಗಳು ಇವೇ.

ಗಣಿತ ಬ್ಯಾಡ ಅಂತನೇ ಬಯಾಲಜಿ ತಗೊಂಡೀನಿ. ಸ್ಟ್ಯಾಟಿಸ್ಟಿಕ್ಸ್ ಬೇಕೇ ಬೇಕೇನು?

ಬೇಕು. ಒಂದು ಗಾಯರಾಣದಲ್ಲಿ ನಡೆಯುತ್ತ ನಲವತ್ತು ಕೃಷ್ಣಮೃಗ ಕಂಡಿರಿ ಎಂದುಕೊಳ್ಳಿ. ಅಲ್ಲಿರುವುದು ನಲವತ್ತಲ್ಲ, ಕಂಡದ್ದು ನಲವತ್ತು. ಕಾಣದೆ ಉಳಿದವು ಎಷ್ಟಿರಬಹುದು ಎಂದು, ಪ್ರತಿಯೊಂದು ಗುಂಪು ನಿಮ್ಮ ದಾರಿಯಿಂದ ಎಷ್ಟು ದೂರದಲ್ಲಿ ಕಂಡಿತು ಎಂಬ ಅಳತೆಯಿಂದ ಅಂದಾಜು ಮಾಡಬೇಕು. ಈ ವಿಷಯದ ಅರ್ಧ ಜೀವ ಇರುವುದೇ ಈ ಕಾಣದವುಗಳ ಲೆಕ್ಕದಲ್ಲಿ. ಆರ್ ಎಂಬ ತಂತ್ರಾಂಶ ಉಚಿತ, ನಕ್ಷೆ ಮಾಡುವ ಕ್ಯೂಜಿಐಎಸ್ ಕೂಡ ಉಚಿತ, ಎರಡೂ ಹಳೆಯ ಲ್ಯಾಪ್‌ಟಾಪಿನಲ್ಲಿ ನಡೆಯುತ್ತವೆ. ಸರಾಸರಿ, ವ್ಯತ್ಯಯ (ವೇರಿಯನ್ಸ್), ಹಿಂಚಲನೆ (ರಿಗ್ರೆಷನ್) ಇವಿಷ್ಟನ್ನು ನಿಮ್ಮದೇ ದತ್ತಾಂಶದ ಮೇಲೆ ಮಾಡಿ ನೋಡಿದರೆ ಭಯ ತಾನಾಗಿ ಇಳಿಯುತ್ತದೆ.

ಎಲ್ಲಾರೂ ಅನುಭವ ಕೇಳ್ತಾರ. ಅನುಭವ ಕೊಡೋರ್ಯಾರು?

ಯಾರೂ ಕೊಡಬೇಕಿಲ್ಲ. ಜೇವರ್ಗಿ ಕಡೆಯ ನನ್ನ ವಿದ್ಯಾರ್ಥಿನಿಯೊಬ್ಬಳು ಮನೆಯ ತೊಗರಿ ಹೊಲದಲ್ಲಿ ಹೂ ಬಿಡುವ ಕಾಲದಲ್ಲಿ ಒಂದು ತಿಂಗಳ ಕಾಲ ದಿನಕ್ಕೆ ಎರಡು ಸಲ ಹತ್ತು ನಿಮಿಷ ಕೂತು ನೋಟ್‌ಬುಕ್ಕಿನಲ್ಲಿ ಬರೆದಳು. ಒಂದು ಪುಟ ನನ್ನ ಕಣ್ಣಿಗೆ ಕಟ್ಟಿದಂತಿದೆ: ಬೆಳಿಗ್ಗೆ 9:10, ನಾಲ್ಕನೆಯ ಸಾಲು, ಮೋಡ ಇಲ್ಲ, ಗಾಳಿ ಸ್ವಲ್ಪ, ಜೇನು 7, ಕರಿದುಂಬಿ 3, ಪಕ್ಕದ ಹೊಲದಾಗ ಎಣ್ಣಿ ಹೊಡೀಲಿಕ್ಕತ್ತಾರ. ಕೀಟನಾಶಕದ ಬಗೆಗಿನ ಆ ಕೊನೆಯ ಸಾಲನ್ನು ಬರೆಯಬೇಕು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮುಂದೆ ಅವಳ ಸಂದರ್ಶನ ನಡೆದದ್ದೆಲ್ಲ ಆ ಸಾಲಿನ ಸುತ್ತಲೇ.

ಇದಲ್ಲದೆ ಜಾಲತಾಣಗಳಾದ ಇಬರ್ಡ್‌ನಲ್ಲಿ ಹಕ್ಕಿಗಳ ಪಟ್ಟಿಯನ್ನು, ಐನ್ಯಾಚುರಲಿಸ್ಟ್‌ನಲ್ಲಿ ಕೀಟ ಮತ್ತು ಗಿಡಗಳ ಚಿತ್ರಗಳನ್ನು ಹಾಕುತ್ತ ಬಂದರೆ ದಿನಾಂಕ ಸಹಿತ ದಾಖಲೆ ತಯಾರಾಗುತ್ತದೆ. ಭಾರತೀಯ ವಿಜ್ಞಾನ ಅಕಾಡೆಮಿಯ ಬೇಸಿಗೆ ಫೆಲೋಶಿಪ್ ಎರಡು ತಿಂಗಳು ದೊಡ್ಡ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಅವಕಾಶ ಕೊಡುತ್ತದೆ, ಶಿಷ್ಯವೇತನವೂ ಉಂಟು. ಹಣ ಕೇಳಿ ಆನ್‌ಲೈನ್ ಪ್ರಮಾಣಪತ್ರ ಮಾರುವ ಇಂಟರ್ನ್‌ಶಿಪ್‌ಗಳಿಂದ ದೂರ ಇರಿ. ಒಂದು ಎಚ್ಚರಿಕೆ: ವನ್ಯಜೀವಿಧಾಮದೊಳಗೆ ಅಧ್ಯಯನಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕೃಷ್ಣಮೃಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದ ಪ್ರಾಣಿ. ನೋಡಿ ಎಣಿಸಬಹುದು, ಹಿಡಿಯುವ ಮುಟ್ಟುವ ಸಾಹಸ ಬೇಡ.

ಮಗಳನ್ನ ಅಡವಿಗೆ ಕಳಿಸೋದು ಹ್ಯಾಂಗ್ರಿ ಮೇಡಂ?

ಈ ಪ್ರಶ್ನೆ ಯಾವಾಗಲೂ ಪಾಲಕರದು. ಕ್ಷೇತ್ರಕಾರ್ಯದಲ್ಲಿ ಸಾಮಾನ್ಯವಾಗಿ ಒಬ್ಬರೇ ಹೋಗುವ ಪದ್ಧತಿ ಇಲ್ಲ, ಸ್ಥಳೀಯ ಸಹಾಯಕರು ಜೊತೆಗಿರುತ್ತಾರೆ. ತಂಗುವ ಜಾಗ, ಶೌಚಾಲಯ, ದೂರು ಕೇಳುವ ಸಮಿತಿ ಇವುಗಳ ಬಗ್ಗೆ ಸೇರುವ ಮೊದಲೇ ಸಂಸ್ಥೆಯನ್ನು ಮತ್ತು ಅಲ್ಲಿನ ಹಿರಿಯ ವಿದ್ಯಾರ್ಥಿನಿಯರನ್ನು ನೇರವಾಗಿ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸುವ ಕಡೆ ಕಳಿಸಬೇಡಿ.

## ಪಿಎಚ್‌.ಡಿ. ಮತ್ತು ವಿದೇಶದ ವ್ಯಾಸಂಗ

ಬೆಂಗಳೂರಾಗ ಪಿಎಚ್‌.ಡಿ.ಗೆ ಎಲ್ಲಿ ಪ್ರಯತ್ನ ಮಾಡ್ಬೇಕು?

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಧವ ಗಾಡ್ಗೀಳ್ ಅವರು 1983ರಲ್ಲಿ ಕಟ್ಟಿದ ಇಕಾಲಜಿ ಕೇಂದ್ರ (ಸೆಂಟರ್ ಫಾರ್ ಇಕಲಾಜಿಕಲ್ ಸೈನ್ಸಸ್) ಇದೆ. ರಾಘವೇಂದ್ರ ಗದಗಕರ್ ಅವರು ದಶಕಗಳ ಕಾಲ ರೊಪಾಲಿಡಿಯಾ ಮಾರ್ಜಿನೇಟಾ ಎಂಬ ಕಣಜವನ್ನು ಅಭ್ಯಾಸ ಮಾಡಿದ್ದು ಅಲ್ಲಿಯೇ. ಒಂದು ಕಣಜ ತಾನು ಮೊಟ್ಟೆ ಇಡದೆ ಇನ್ನೊಂದರ ಮರಿಗಳನ್ನು ಸಾಕುವುದೇಕೆ, ರಾಣಿ ಸತ್ತರೆ ಮುಂದಿನವಳು ಯಾರು ಎಂಬ ಪ್ರಶ್ನೆಗಳಿಗೆ ಅವರು ದಟ್ಟ ಕಾಡು ಹುಡುಕಬೇಕಾಗಲಿಲ್ಲ. ದಕ್ಷಿಣ ಭಾರತದಲ್ಲಿ ಕಟ್ಟಡಗಳ ಸೂರಿನಡಿಯೂ ಗೂಡು ಕಟ್ಟುವ ಕಣಜ ಅದು. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಹಣ್ಣುನೊಣಗಳನ್ನು ನೂರಾರು ತಲೆಮಾರು ಸಾಕಿ ವಿಕಾಸ ನಡೆಯುವುದನ್ನು ಬಾಟಲಿಯಲ್ಲಿಯೇ ನೋಡುತ್ತಾರೆ. ಎನ್‌ಸಿಬಿಎಸ್‌ನಲ್ಲಿ ಉಮಾ ರಾಮಕೃಷ್ಣನ್ ಅವರ ಗುಂಪು ಒಡಿಶಾದ ಸಿಮಿಲಿಪಾಲದ ಕಪ್ಪುಪಟ್ಟೆ ಹರಡಿದ ಹುಲಿಗಳ ಹಿಂದಿನ ವಂಶವಾಹಿ ಬದಲಾವಣೆಯನ್ನು 2021ರಲ್ಲಿ ಪ್ರಕಟಿಸಿತು. 1996ರಲ್ಲಿ ಆರಂಭವಾದ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆ ಸಮಾಜವಿಜ್ಞಾನವನ್ನೂ ಸೇರಿಸಿಕೊಂಡ ಪಿಎಚ್‌.ಡಿ.ಗೆ ಹೆಸರಾಗಿದೆ.

ಬೆಂಗಳೂರೊಂದೇ ದಿಕ್ಕು ಎಂದುಕೊಳ್ಳಬೇಡಿ. ಬೀದರಿನವರಿಗೆ ಹತ್ತಿರದ ನಗರ ಹೈದರಾಬಾದ್, ಅಲ್ಲಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಗೆ ಅಳಿವಿನಂಚಿನ ಜೀವಿಗಳಿಗೆಂದೇ ಲ್ಯಾಕೋನ್ಸ್ ಪ್ರಯೋಗಾಲಯ ಇದೆ. ಮೂರು ವರ್ಷದ ಪದವಿಯ ನಂತರವೇ ಒಂದೇ ಉಸಿರಿಗೆ ಎಂ.ಎಸ್., ಪಿಎಚ್‌.ಡಿ. ಎರಡನ್ನೂ ಮುಗಿಸಬೇಕೆನ್ನುವವರು ಜ್ಯಾಮ್ ಬರೆದು ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್‌.ಡಿ.ಗೆ ಪ್ರಯತ್ನಿಸಬಹುದು.

ಪ್ರೊಫೆಸರ್‌ಗಳಿಗೆ ಮೇಲ್ ಹಾಕಿ ಹಾಕಿ ಸಾಕಾತು, ಒಬ್ರೂ ಉತ್ತರ ಕೊಡಲ್ಲ.

ನೀವು ಬರೆದ ಪತ್ರವನ್ನು ನನಗೆ ತೋರಿಸಿದವರಲ್ಲಿ ಹೆಚ್ಚಿನವರದು ಒಂದೇ ಮಾದರಿ: ಗೌರವಾನ್ವಿತ ಮಹೋದಯರೇ, ನನಗೆ ಬಾಲ್ಯದಿಂದಲೂ ಪ್ರಕೃತಿಯ ಬಗ್ಗೆ ಒಲವಿದೆ, ಅವಕಾಶ ಕೊಡಿ. ಇದನ್ನು ಯಾರಿಗೆ ಬೇಕಾದರೂ ಕಳಿಸಬಹುದು, ಹಾಗಾಗಿ ಯಾರೂ ಓದುವುದಿಲ್ಲ. ಅವರ ಒಂದು ಲೇಖನವನ್ನು ಪೂರ್ತಿ ಓದಿ, ಅದರಲ್ಲಿ ನಿಮಗೆ ಏಳುವ ಒಂದು ಪ್ರಶ್ನೆಯನ್ನು ಬರೆಯಿರಿ; ನೀವು ನೋಡಿದ, ಎಣಿಸಿದ ಒಂದು ಸಂಗತಿಯನ್ನು ಎರಡು ವಾಕ್ಯದಲ್ಲಿ ಹೇಳಿ; ಅವರ ಗುಂಪಿನಲ್ಲಿ ಯಾವ ವರ್ಷ ಜಾಗ ಇರುತ್ತದೆ ಎಂದು ಕೇಳಿ ಮುಗಿಸಿ. ಹದಿನೈದು ದಿನ ಬಿಟ್ಟು ಒಮ್ಮೆ ನೆನಪಿಸಿ. ಆಮೇಲೂ ಉತ್ತರವಿಲ್ಲದಿದ್ದರೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಫಾರೆನ್‌ದಾಗ ಓದ್ಲಿಕ್ಕೆ ರೊಕ್ಕ ಎಲ್ಲಿಂದ ತರೋದು?

ದೇಶ ದೇಶಕ್ಕೆ ಲೆಕ್ಕ ಬೇರೆ. ಅಮೆರಿಕದಲ್ಲಿ ಪಿಎಚ್‌.ಡಿ.ಗೆ ಸಾಮಾನ್ಯವಾಗಿ ಬೋಧನೆ ಅಥವಾ ಸಂಶೋಧನಾ ಸಹಾಯಕರಾಗಿ ಕೆಲಸ ಮಾಡಿಸಿ ಶುಲ್ಕ ಮತ್ತು ಖರ್ಚನ್ನು ವಿಶ್ವವಿದ್ಯಾಲಯವೇ ಹೊರುತ್ತದೆ, ಅರ್ಜಿಯ ಕೊನೆಯ ದಿನಗಳು ಬಹುಪಾಲು ಡಿಸೆಂಬರ್‌ನಲ್ಲಿ. ಯುರೋಪಿನಲ್ಲಿ ಪಿಎಚ್‌.ಡಿ.ಗೆ ಸಾಮಾನ್ಯವಾಗಿ ಮೊದಲು ಎಂ.ಎಸ್ಸಿ. ಬೇಕು, ಆದರೆ ಅನೇಕ ಕಡೆ ಅದು ಸಂಬಳದ ನೌಕರಿ. ಎಂ.ಎಸ್ಸಿ.ಗೆ ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಮುಂಡಸ್ ವಿದ್ಯಾರ್ಥಿವೇತನ ತಿಂಗಳಿಗೆ 1,400 ಯೂರೊ ಕೊಡುತ್ತದೆ. ಜೀವವಿಕಾಸಕ್ಕೆಂದೇ ಗ್ರೋನಿಂಗೆನ್, ಉಪ್ಸಾಲಾ, ಮ್ಯೂನಿಕ್ ಮತ್ತು ಮಾಂಪೆಲಿಯೇ ವಿಶ್ವವಿದ್ಯಾಲಯಗಳು ಒಟ್ಟಾಗಿ ನಡೆಸುತ್ತ ಬಂದ ಕೋರ್ಸ್ ಈ ಸಾಲಿನದು. ಬ್ರಿಟನ್ನಿನ ಎಂ.ಎಸ್ಸಿ. ಒಂದೇ ವರ್ಷದ್ದು, ದುಬಾರಿ. ಅಲ್ಲಿನ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನ ಸಿಗಬೇಕಾದರೆ ಎರಡು ವರ್ಷ ಕೆಲಸ ಮಾಡಿದ ಅನುಭವ ಇರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯದ ಪ್ರಬುದ್ಧ ಯೋಜನೆ ಇದೆ. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್‌ನ ಅರ್ಹತೆಯನ್ನೂ ನೋಡಿಕೊಳ್ಳಿ.

ಮೂರು ವರ್ಷದ ಪದವಿಯನ್ನು ಕೆಲವು ವಿದೇಶಿ ವಿಶ್ವವಿದ್ಯಾಲಯಗಳು ಒಪ್ಪುವುದಿಲ್ಲ. ಕರ್ನಾಟಕ 2024ರಲ್ಲಿ ನಾಲ್ಕು ವರ್ಷದ ಆನರ್ಸ್ ಪದ್ಧತಿಯನ್ನು ಬಿಟ್ಟು ಮತ್ತೆ ಮೂರು ವರ್ಷಕ್ಕೆ ಬಂದಿರುವುದರಿಂದ, ಇಲ್ಲಿ ಎಂ.ಎಸ್ಸಿ. ಮುಗಿಸಿ ಹೊರಡುವುದೇ ನಮ್ಮ ಹೆಚ್ಚಿನವರಿಗೆ ಸಲೀಸು ಎಂದು ನನ್ನ ಅನಿಸಿಕೆ.

ಎಲ್ಲಾ ಓದಿ ಮುಗಿಸಿ ಹೊಳ್ಳಿ ಬಂದು ನಮ್ಮೂರಾಗೇ ಕೆಲಸ ಮಾಡಬಹುದೇನು?

ಮಾಡಬಹುದು, ಆದರೆ ಕಟ್ಟಿಟ್ಟ ಹುದ್ದೆಗೆ ಬಂದಂತೆ ಅಲ್ಲ. ಗುಲ್ಬರ್ಗಾ ವಿಶ್ವವಿದ್ಯಾಲಯ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಮತ್ತು ಪದವಿ ಕಾಲೇಜುಗಳಲ್ಲಿ ನೇಮಕಾತಿ ನಡೆದಾಗ ಪಿಎಚ್‌.ಡಿ. ಇದ್ದವರಿಗೆ ಬಾಗಿಲು ತೆರೆಯುತ್ತದೆ. ನೇಮಕಾತಿಗೆ ವರ್ಷಗಟ್ಟಲೆ ಕಾಯಬೇಕಾಗುವುದೂ ಉಂಟು. ಇನ್ನೊಂದು ದಾರಿ ಎಂದರೆ ಬೇರೆ ಊರಿನ ಸಂಸ್ಥೆಯಲ್ಲಿ ನೋಂದಾಯಿಸಿ ಅಧ್ಯಯನದ ಜಾಗವನ್ನು ಇಲ್ಲಿ ಆರಿಸಿಕೊಳ್ಳುವುದು. ಮಾರ್ಗದರ್ಶಕರು ಇದಕ್ಕೆ ಸಾಮಾನ್ಯವಾಗಿ ಬೇಡವೆನ್ನುವುದಿಲ್ಲ, ಏಕೆಂದರೆ ಗಾಯರಾಣ ಯಾರ ಹೆಸರಿನಲ್ಲಿದೆ, ಕುರಿ ಮೇಯಿಸುವ ಕುರುಬರು ಯಾವ ತಿಂಗಳು ಯಾವ ದಾರಿ ಹಿಡಿಯುತ್ತಾರೆ, ತೋಳ ಮರಿ ಹಾಕಿದ ಗವಿಯನ್ನು ಯಾವ ಮುದುಕ ನೋಡಿದ್ದಾನೆ ಎಂಬುದನ್ನು ಹೊರಗಿನಿಂದ ಬಂದವರು ತಿಳಿಯಲು ಒಂದು ವರ್ಷ ಬೇಕು. ನೀವು ಅದನ್ನು ಒಂದು ಸಂಜೆ ಕಟ್ಟೆಯ ಮೇಲೆ ಕೂತು ಕೇಳಿ ತಿಳಿಯುತ್ತೀರಿ.